ಹಂಪಣ್ಣನ ಧ್ವನಿಯ ತೂಕ

ಹಂಪಣ್ಣ ತನ್ನ ಅರವತ್ತೆಂಟು ವರ್ಷದ ಬಾಳಿನಲ್ಲಿ ಒಮ್ಮೆಯೂ ಸಿಟ್ಟಿಗೆ ಬಂದವನಲ್ಲ. ಇದು ನನ್ನ ಮಾತಲ್ಲ, ಅವನದೇ. ಈ ಮಾತನ್ನು ಅವನು ತನ್ನ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದರೆ ಮಾನ್ವಿ ಬಸ್ ನಿಲ್ದಾಣದಲ್ಲಿದ್ದ ಪರಊರಿನವರು ಎಲ್ಲೋ ಬಡಿದಾಟ ನಡೆದಿದೆ ಎಂದು ಗಂಟುಮೂಟೆ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು.

"ನಾ ಸಿಟ್ಟು ಮಾಡೋ ಮನುಷ್ಯಾನ ಅಲ್ಲೋ!"

ಓಣಿಯವರಾದ ನಾವು ತಲೆ ಎತ್ತುತ್ತಿರಲಿಲ್ಲ. ನಮ್ಮ ಕಡೆ ಧ್ವನಿ ದೊಡ್ಡದಾದರೆ ಯಾರೂ ಹೆದರುವುದಿಲ್ಲ. ಮನೆಗೆ ಬಂದ ನೆಂಟನಿಗೆ "ಇನ್ನೆರಡು ರೊಟ್ಟಿ ತಿಂದು ಸಾಯಲೇ" ಎಂದು ಗದರಿಸಿದರೆ ಅವನಿಗೆ ಆದರ ಆಯಿತು. ಅದೇ "ಬರ್ರಿ, ಕೂಡ್ರಿ, ಏನು ಬಂದದ್ದು?" ಎಂದು ಮೆಲ್ಲಗೆ ಕೇಳಿದರೆ ನೆಂಟ ಕೂಡುವುದನ್ನು ಬಿಟ್ಟು ಚಪ್ಪಲಿ ಹುಡುಕತೊಡಗುತ್ತಾನೆ.

ಹಂಪಣ್ಣ, ಅವನ ಹೆಂಡತಿ ಮಹಾಂತಮ್ಮ, ನಾನು, ಮೂವರೂ ಒಂದೇ ರೈಸ್ ಮಿಲ್ಲಿನಲ್ಲಿ ದುಡಿದವರು. ನಾನು ಭತ್ತ ಬೇಯಿಸುವ ಬಾಯ್ಲರಿಗೆ ಹೊಟ್ಟು ಹಾಕುತ್ತಿದ್ದೆ. ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತವನಿಗೆ ಮಾತಿನ ಚಟ ಹತ್ತುವುದಿಲ್ಲ, ಬೆಂಕಿ ಉತ್ತರ ಕೊಡುವುದಿಲ್ಲ. ಮಹಾಂತಮ್ಮ ಅಕ್ಕಿ ಮಾಡುವ ಹಲ್ಲರಿನ ಕೋಣೆಯಲ್ಲಿ ತೌಡು ಬಳಿಯುತ್ತಿದ್ದಳು. ಹಂಪಣ್ಣ ಅಂಗಳದ ಆ ತುದಿಯಲ್ಲಿ, ಗೇಟಿನ ಹತ್ತಿರ, ಕಾಟಾದ ಮೇಲೆ ಚೀಲ ತೂಗುತ್ತಿದ್ದ. ಈ ತೂಕದ ಕೆಲಸವೇ ಮುಂದೆ ಅವನ ಸಂಸಾರಕ್ಕೆ ಸಂಚಕಾರ ತಂದಿತು. ಅದು ಹೇಗೆಂದು ಹೇಳುತ್ತೇನೆ.

ಹೋದ ಚಳಿಗಾಲದಲ್ಲಿ ನಮ್ಮ ತಹಸೀಲ್ ಕಚೇರಿಗೆ ಒಂದು ರೋಬೋಟ್ ಬಂತು. ರಾಯಚೂರಿನ ಯಾವುದೋ ಇಂಜಿನಿಯರಿಂಗ್ ಕಾಲೇಜಿನವರು ಮಾಡಿದ್ದು. ಊರೂರಿಗೆ ಕೆಲವು ದಿನ ಇಟ್ಟು ನೋಡುತ್ತಾರಂತೆ. ಹತ್ತು ವರ್ಷದ ಮಗುವಿನಷ್ಟು ಎತ್ತರ, ಕೋಳಿಮೊಟ್ಟೆಯಂಥ ತಲೆ, ಎದೆಯ ನಡುವೆ ಬಟ್ಟಲಿನಷ್ಟು ಒಂದು ದೀಪ. ಹೆಸರು ಸ್ಪಂದನಾ. ಜನ ಅದನ್ನು ಬೊಂಬಿ ಅಂದರು. ಜೊತೆಗೆ ನಾಹಿದ್ ಎಂಬ ರಾಯಚೂರಿನ ಹುಡುಗಿ ಬಂದಿದ್ದಳು.

"ತಾತಾ, ಇದು ಮಾತು ಕೇಳಂಗಿಲ್ಲ, ಧ್ವನಿ ಕೇಳ್ತದ," ಎಂದು ಅವಳು ನನಗೆ ತಿಳಿಸಿ ಹೇಳಿದಳು. "ಮನಸಿನ್ಯಾಗ ಸಿಟ್ಟು ಇದ್ರ ಕೆಂಪು ದೀಪ, ಸಂತೋಷಕ್ಕ ಹಸಿರು, ದುಃಖಕ್ಕ ನೀಲಿ, ಅಂಜಿಕಿಗೆ ಹಳದಿ, ಹಿಂಗ ಏಳು ಅವ. ದುಃಖದಾಗ ಇದ್ದೋರನ್ನ ಮೊದಲ ಒಳಗ ಬಿಡ್ತೀವಿ. ಸಂತೋಷ ಇದ್ದೋರು ಕಾಯಬಹುದಲ್ರೀ."

ಹೆತ್ತ ತಾಯಿಗೆ ಮಗನ ಹೊಟ್ಟೆಯೊಳಗಿನದು ತಿಳಿಯದ ಕಾಲದಲ್ಲಿ ತಾಯಿಯೇ ಇಲ್ಲದ ಈ ಬೊಂಬೆಗೆ ತಿಳಿಯುತ್ತದೆಯೆ? ಆದರೆ ನಾನು ಕಣ್ಣಾರೆ ಕಂಡೆ. ನಮ್ಮ ಮುಂದೆ ನೀರಮಾನ್ವಿಯ ಒಬ್ಬ ಹೆಣ್ಣುಮಗಳು ಪಾಳಿಯಲ್ಲಿದ್ದಳು. ಮುಖದ ತುಂಬ ನಗು. "ಪಹಣಿ ಬೇಕಾಗಿತ್ರೀ" ಎಂದಳು, ಅಷ್ಟೇ. ದೀಪ ನೀಲಿಯಾಯಿತು. "ನೀವು ದುಃಖದಲ್ಲಿದ್ದೀರಿ" ಎಂದಿತು ಯಂತ್ರ, ಪುಸ್ತಕದ ಕನ್ನಡದಲ್ಲಿ. ಆಕೆಯ ನಗು ಹಾಗೇ ನಿಂತು, ಆಮೇಲೆ ಒಡೆಯಿತು. ಗಂಡ ಸತ್ತು ಇಪ್ಪತ್ತೆರಡು ದಿನವಾಗಿತ್ತು. ಅಳುತ್ತಾ ಬೊಂಬೆಯ ಪಾದ ಹಿಡಿದುಕೊಂಡಳು. ಪಾದದಲ್ಲಿ ಗಾಲಿಗಳಿದ್ದವು. ನಾನು ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದೆ.

ಅದರ ಹಿಂದೆಯೇ ಹಂಪಣ್ಣನ ಪಾಳಿ. ಅವನ ರೇಷನ್ ಕಾರ್ಡಿನಲ್ಲಿ ಹೆಸರು ಹಂಪಮ್ಮ ಎಂದು ಬಿದ್ದಿತ್ತು. ಅದನ್ನು ತಿದ್ದಿಸಲು ಹೆಂಡತಿಯನ್ನೂ ನನ್ನನ್ನೂ ಸಾಕ್ಷಿಗೆ ಕರೆತಂದಿದ್ದ.

"ನಮಸ್ಕಾರ. ನಿಮಗೆ ನಾನು ಹೇಗೆ ನೆರವಾಗಲಿ?" ಎಂದಿತು ಯಂತ್ರ.

"ಅಯ್ಯ ನನ ಮಗಳಾ! ಏನು ಚಂದ ಮಾತಾಡ್ತದಲೇ ಇದು! ಊಟ ಆತೇನವ್ವಾ?" ಎಂದ ಹಂಪಣ್ಣ, ಇದ್ದ ಅಕ್ಕರೆಯನ್ನೆಲ್ಲ ಒಟ್ಟುಗೂಡಿಸಿ.

ದೀಪ ಕೆಂಪಾಯಿತು. "ನೀವು ಕೋಪಗೊಂಡಿದ್ದೀರಿ. ಪ್ರಮಾಣ, ನೂರಕ್ಕೆ ತೊಂಬತ್ತಾರು. ದಯವಿಟ್ಟು ಶಾಂತರಾಗಿ."

"ಯಾರು? ನಾನಾ?"

"ನೂರಕ್ಕೆ ತೊಂಬತ್ತೆಂಟು."

"ಸಿಟ್ಟು ಅಂದ್ರ ಕರ್ರಗಿರ್ತದೋ ಬೆಳ್ಳಗಿರ್ತದೋ ಅಂತ ನನಗ ಗೊತ್ತ ಇಲ್ಲ ತಂಗೀ!"

"ನೂರಕ್ಕೆ ತೊಂಬತ್ತೊಂಬತ್ತು."

ಕಚೇರಿಯ ಕಾವಲುಗಾರ ಮಹಮ್ಮದ್ ಹುಸೇನ್ ಬಂದು ಅವನ ಮೊಣಕೈ ಹಿಡಿದ. ಹಂಪಣ್ಣ ಎತ್ತಿ ಆಡಿಸಿದ ಹುಡುಗ ಅವನು, ಈಗ ಐವತ್ತು ದಾಟಿದ್ದಾನೆ.

"ಮಾಫ್ ಮಾಡು ಹಂಪಣ್ಣ. ಮೂರು ಸಲ ಕೆಂಪಾದ್ರ ಕೈ ಹಿಡೀಬೇಕಂತ ರೂಲ್ ಅದ."

"ಹಿಡಿ, ಹಿಡಿ! ಗಟ್ಟಿ ಹಿಡೀಬ್ಯಾಡ, ಅಲ್ಲಿ ಹುಣ್ಣಾಗ್ಯದ!"

ಯಂತ್ರ ಮಹಾಂತಮ್ಮನನ್ನೂ ಕೇಳಿತು, "ನಿಮ್ಮ ಹೆಸರೇನು?" ಎಂದು, ಮೂರು ಸಲ. ಆಕೆ ದೀಪವನ್ನೇ ನೋಡುತ್ತ, ಕೈಮುಗಿದು, ಮುಗುಳ್ನಕ್ಕು ನಿಂತಳು. ಓಣಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದೆ ಮಾತಾಡುವ ಹೆಂಗಸು ದೇವರ ಮುಂದೆ ನಿಂತಂತೆ ಮೂಕಳಾಗಿದ್ದನ್ನು ಕಂಡು, ಎಂಥ ಭಕ್ತಿ ಎಂದುಕೊಂಡರು ಎಲ್ಲರೂ.

ಬೇರೆಯವನಾಗಿದ್ದರೆ ಕೆಂಪು ದೀಪವನ್ನು ನಕ್ಕು ಮರೆಯುತ್ತಿದ್ದ. ಆದರೆ ಹಂಪಣ್ಣ ಕಾಟಾದ ಮನುಷ್ಯ. ಭತ್ತ ತಂದ ರೈತ ತೂಕ ಕಡಿಮೆಯಾಯಿತೆಂದು ಜಗಳಕ್ಕೆ ನಿಂತರೆ, "ಮುಳ್ಳು ನೋಡು! ಅದಕ್ಕೇನು ನಿನ್ನ ಮ್ಯಾಲ ಹಗೀ ಅದ ಏನು?" ಎಂದು ಮೂವತ್ತು ವರ್ಷ ಹೇಳಿದವನು. ಮುಳ್ಳು ನಿಂತ ಕಡೆ ನ್ಯಾಯ ನಿಂತಿತು ಎಂದು ನಂಬಿದವನು. ಈಗ ಅವನ ಮೇಲೆಯೇ ಮುಳ್ಳು ನಿಂತಿತ್ತು.

"ಬಸಲಿಂಗ," ಎಂದ ದಾರಿಯಲ್ಲಿ, ನನ್ನ ಹೆಗಲು ಹಿಡಿದು, "ನೂರಕ್ಕ ತೊಂಬತ್ತೊಂಬತ್ತು! ಅಂದ್ರ ಕ್ವಿಂಟಲ್ ಹಂಪಣ್ಣನ್ಯಾಗ ಒಂದ ಕಿಲೊ ಮನುಷ್ಯಾ ಇದ್ದಾನ! ಉಳಿದದ್ದೆಲ್ಲಾ ಸಿಟ್ಟು!"

"ಆ ಕೆಂಪು ದೀಪ ಯಾತಕ್ರೀ?" ಎಂದಳು ಮಹಾಂತಮ್ಮ.

"ನಾ ಸಿಟ್ಟಿನ ಮನುಷ್ಯಾ ಅಂತ ಬೇ! ನಲವತ್ನಾಕು ವರ್ಷ ನಿನ್ನ ಮ್ಯಾಲ ಸಿಟ್ಟು ಮಾಡೀನಂತ!"

ಮಹಾಂತಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮನೆ ಮುಟ್ಟುವವರೆಗೂ ನಕ್ಕಳು. ಹಂಪಣ್ಣ ಮಾತ್ರ ಬೆವರಿದ.

"ನೀರಮಾನ್ವಿ ಹೆಣ್ಮಗಳೂ ಹಿಂಗ ನಗತಿದ್ಲು, ನೋಡಿದೆಲ್ಲಾ? ಒಳಗ ಅಳಾಕತ್ತಿದ್ಲು. ಇವಳೂ ನಲವತ್ನಾಕು ವರ್ಷ ಹಿಂಗ ನಕ್ಕಾಳೋ ಬಸಲಿಂಗ!"

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅವನು ಒಬ್ಬನೇ ಕಚೇರಿಗೆ ಹೋದ. ರೇಷನ್ ಕಾರ್ಡಿಗಲ್ಲ, ಸಿಟ್ಟು ಬಿಡುವುದಕ್ಕೆ.

ನಾಹಿದ್ ಒಳ್ಳೆಯ ಹುಡುಗಿ. ಜನರಿಲ್ಲದ ಹೊತ್ತಿನಲ್ಲಿ ಅವನನ್ನು ಬೊಂಬೆಯ ಮುಂದೆ ಕೂಡಿಸಿ ಕಲಿಸಿದಳು. "ತಾತಾ, ಮೆಲ್ಲಗ. ಮಲಗಿದ ಕೂಸಿನ ಕಿವ್ಯಾಗ ಹೇಳ್ದಂಗ ಹೇಳ್ರಿ."

"ಹಿಂಗೇನವ್ವಾ?" ಎಂದ. ಮಹಮ್ಮದ್ ಹುಸೇನ್ ಗೇಟಿನಿಂದ ಓಡಿ ಬಂದ.

ಮೊದಲ ದಿನ ತೊಂಬತ್ತೇಳು. ಎರಡನೇ ದಿನ ತೊಂಬತ್ತು. ಮೂರನೇ ದಿನ ಬಾಯಿಗೆ ಟವೆಲ್ ಅಡ್ಡ ಹಿಡಿದು ಮಾತಾಡಿದ, ಯಂತ್ರ "ನಿಮಗೆ ಉಸಿರಾಟದ ತೊಂದರೆ ಇದೆಯೆ?" ಎಂದಿತು. ಆದರೆ ಆ ಮನುಷ್ಯನ ತಾಳ್ಮೆ ದೊಡ್ಡದು. ಬೊಂಬೆ ಹೇಗೆ ಮಾತಾಡುತ್ತದೋ ಹಾಗೆಯೇ, ಅದೇ ಪುಸ್ತಕದ ಕನ್ನಡದಲ್ಲಿ, ಅದೇ ತಣ್ಣನೆ ಧ್ವನಿಯಲ್ಲಿ ಆಡಲು ಕಲಿತ. ಆರನೇ ದಿನ ಕಣ್ಣು ಮುಚ್ಚಿ, "ಮಹಾಂತಮ್ಮ, ನೀನು ಊಟ ಮಾಡಿದೆಯಾ?" ಎಂದು ಹೂವು ಇಟ್ಟಂತೆ ಹೇಳಿದ. ದೀಪ ಹಸಿರಾಯಿತು.

ಕಚೇರಿಯೆಲ್ಲ ಚಪ್ಪಾಳೆ ತಟ್ಟಿತು. ಶಿರಸ್ತೇದಾರರು ಕುರ್ಚಿ ಬಿಟ್ಟು ಎದ್ದು ಬಂದು, ಅವನ ಜೊತೆ ನಿಂತು ಫೋಟೊ ತೆಗೆಸಿಕೊಂಡರು. ಸರಕಾರಿ ಕೆಲಸದಿಂದ ಒಬ್ಬ ಮನುಷ್ಯ ಸುಧಾರಿಸಿದ್ದನ್ನು ಅವರು ಮೊದಲ ಸಲ ನೋಡುತ್ತಿದ್ದರಂತೆ. ರೇಷನ್ ಕಾರ್ಡಿನಲ್ಲಿ ಅವನು ಇವತ್ತಿಗೂ ಹಂಪಮ್ಮನೇ.

ಮನೆಗೆ ಬಂದ. ಓಣಿಯ ಸಂಕಟ ಅಲ್ಲಿಂದ ಶುರುವಾಯಿತು.

ಪಕ್ಕದ ಮನೆಯ ಶಹಜಾದಿ ಬೇಗಂ ಗೋಡೆಯ ಆಚೆಯಿಂದ, "ಹಂಪಣ್ಣ ಭಾಯ್, ನಳ ಬಂತೇನ್ರೀ?" ಎಂದು ಕೂಗಿದರು. ಉತ್ತರವಿಲ್ಲ. ಸ್ಟೂಲ್ ಹತ್ತಿ ನೋಡಿದರೆ ಹಂಪಣ್ಣ ಕೊಡದ ಪಕ್ಕದಲ್ಲಿ ನಿಂತು ತುಟಿ ಆಡಿಸುತ್ತಿದ್ದಾನೆ. "ಯಾ ಅಲ್ಲಾ! ಇವರ ಆವಾಜ್ ಹೋಗ್ಯದ!" ಎಂದು ಇಳಿದು, ಉಪ್ಪು ಅರಿಶಿನದ ಬಿಸಿನೀರು ತಂದು ನಿಂತರು.

"ನನಗೆ ಏನೂ ಆಗಿಲ್ಲ ಬೇಗಂ ಅವರೇ. ನಾನು ಶಾಂತನಾಗಿದ್ದೇನೆ," ಎಂದ.

ಬೇಗಂ ಲೋಟವನ್ನು ಕಟ್ಟೆಯ ಮೇಲೆ ಇಟ್ಟುಬಿಟ್ಟರು. "ಏನೂ ಆಗಿಲ್ಲ ಅಂತಾರ! ಹಂಗಂದ್ರ ಭಾಳ ಆಗ್ಯದ!"

ಮಧ್ಯಾಹ್ನ ಕವಿತಾಳದಲ್ಲಿರುವ ಮಗಳು ಶಿವಗಂಗಾ ಫೋನ್ ಮಾಡಿದಳು. "ಹೇಗಿದ್ದೀಯಮ್ಮಾ, ಶಿವಗಂಗಾ?" ಎಂದ ಅಪ್ಪ, ಜೇನಿನಂತೆ. ಆ ಕಡೆ ಫೋನು ಕೆಳಗೆ ಬಿದ್ದ ಸದ್ದು. ಎರಡು ತಾಸಿನೊಳಗೆ ಅವಳು ಮಾನ್ವಿ ಬಸ್ಸಿನಿಂದ ಇಳಿದು ಓಡುತ್ತ ಬಂದಳು.

"ಯಪ್ಪಾ, ಡಾಕ್ಟರ್ ಏನಂದಾರ? ಖರೆ ಹೇಳು. ಎಷ್ಟು ದಿನ ಅಂದಾರ?"

"ನಾನು ಚೆನ್ನಾಗಿದ್ದೇನೆ, ಮಗಳೇ."

ಶಿವಗಂಗಾ ನೆಲಕ್ಕೆ ಕೂತುಬಿಟ್ಟಳು. "ಚೆನ್ನಾಗಿದ್ದೇನೆ ಅಂದ! ನಮ್ಮಪ್ಪ ಹುಟ್ಟಿದಾಗಿಂದ ಹಂಗ ಅಂದಿಲ್ಲ! 'ಇನ್ನಾ ಸತ್ತಿಲ್ಲ, ಬಾ' ಅಂತಿದ್ದ!"

ಸಂಜೆಯ ಹೊತ್ತಿಗೆ ಓಣಿಯಲ್ಲಿ ನಾಲ್ಕು ಸುದ್ದಿಗಳಿದ್ದವು. ಗಂಟಲಿನಲ್ಲಿ ಗಡ್ಡೆ. ಮನೆ ಮಾರಿದ್ದಾನೆ, ಹೇಳಲು ಬಾಯಿಲ್ಲ. ಮಠ ಸೇರುತ್ತಾನೆ. ನಾಲ್ಕನೆಯದನ್ನು ನಾನು ಹೇಳುವುದಿಲ್ಲ, ಆ ಹೆಣ್ಣುಮಗಳು ಇನ್ನೂ ಮಾನ್ವಿಯಲ್ಲೇ ಇದ್ದಾಳೆ.

ಆದರೆ ಎಲ್ಲಕ್ಕಿಂತ ವಿಚಿತ್ರವಾದದ್ದು ಮಹಾಂತಮ್ಮನ ರೀತಿ. ಮೊದಲ ದಿನ ಆಕೆ ಗಂಡನ ಬಾಯನ್ನೇ ನೋಡುತ್ತ ಕೂತಳು. ಎರಡನೇ ದಿನ ಹಂಚಿನ ಮೇಲೆ ರೊಟ್ಟಿ ಕರಕಾಯಿತು. ಮೂರನೇ ದಿನ ಆಕೆಯ ಮಾತು ನಿಂತಿತು. ನಮ್ಮ ಓಣಿಯಲ್ಲಿ ಗಡಿಯಾರ ನಿಂತರೂ ಮಹಾಂತಮ್ಮನ ಮಾತು ನಿಂತದ್ದಿಲ್ಲ. ನಾಲ್ಕನೇ ದಿನ ದೇವದುರ್ಗದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಜಾಲಹಳ್ಳಿಯ ತಮ್ಮನಿಗೆ ಹೇಳಿಕಳಿಸಿದಳು, ಬಂದು ಕರಕೊಂಡು ಹೋಗು ಎಂದು.

ತಮ್ಮ ಮಲ್ಲೇಶ ಮರುದಿನ ಜೀಪು ತಂದ. ಇಳಿಯುವಾಗಲೇ ತೋಳು ಮಡಚಿದ್ದ. "ಏನಂದಿ ಮಾವ ನಮ್ಮಕ್ಕಗ?"

"ಬನ್ನಿ ಮಲ್ಲೇಶ. ಕುಳಿತುಕೊಳ್ಳಿ. ನೀರು ಕುಡಿಯಿರಿ," ಎಂದ ಹಂಪಣ್ಣ.

ಮಲ್ಲೇಶ ಎರಡು ಹೆಜ್ಜೆ ಹಿಂದೆ ಸರಿದ. "ನೋಡ್ರಪ್ಪಾ! ಕೇಳಿದ್ರೆಲ್ಲಾ? 'ಲೇ ಕತ್ತಿ, ಬಾರಲೇ' ಅಂತ ಬೈದು ಕರೀತಿದ್ದ ಮಾವ ನನಗ 'ಬನ್ನಿ' ಅಂದ! ಸಂಬಂಧ ಹರಕೊಂಡ!"

ಮಹಾಂತಮ್ಮ ಬಟ್ಟೆಯ ಗಂಟು ಹಿಡಿದು ಹೊರಗೆ ಬಂದಳು. ಆಕೆ ಆಡಿದ್ದು ಇಷ್ಟೇ: "ನಾ ಇಲ್ಲಿ ಇರಂಗಿಲ್ಲ. ತವರಿಗೆ ಹೋಗ್ತೀನಿ."

ಅರವತ್ತೆರಡು ವರ್ಷದ ಹೆಂಗಸು ತವರಿಗೆ ಹೋಗುತ್ತೇನೆ ಅಂದರೆ ಅದು ನಾಲ್ಕು ದಿನದ ಮಾತಲ್ಲ. ಹಂಪಣ್ಣ ಆಕೆಯ ಎದುರಿಗೆ ಬಂದು ನಿಂತ. ಕಣ್ಣಲ್ಲಿ ನೀರು. "ದಯವಿಟ್ಟು ಹೋಗಬೇಡ, ಮಹಾಂತಮ್ಮ. ನನ್ನನ್ನು ಬಿಟ್ಟು ಹೋಗಬೇಡ," ಎಂದ. ನಾವೆಲ್ಲ ಕೇಳಿದೆವು. ಆಕೆ ಅವನ ತುಟಿಗಳನ್ನು ಒಂದು ಗಳಿಗೆ ನೋಡಿ, ಮುಖ ತಿರುಗಿಸಿದಳು. ಎಂಥ ಕಲ್ಲು ಮನಸ್ಸು ಎಂದುಕೊಂಡರು ಎಲ್ಲ. ನಾನೂ ಅಂದುಕೊಂಡೆ. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಅವನನ್ನು ಬದಿಗೆ ಕರೆದು ಹೇಳಿದೆ, "ಒಮ್ಮಿ ಮೊದಲಿನಂಗ ಗದರಿಸೋ ಮಾರಾಯಾ. ಇದ್ದಾಳು."

"ಇಲ್ಲ ಬಸಲಿಂಗ," ಎಂದ ಪಿಸುಮಾತಿನಲ್ಲಿ. "ಮುಳ್ಳು ಎಲ್ಲಿ ನಿಂತದ ಅಂತ ನೋಡಿದ ಮ್ಯಾಲ ಹೆಂಗ ಕೂಗಲಿ? ಹೋಗೋದಾದ್ರ ಹೋಗಲಿ. ಸಿಟ್ಟಿನ ಗಂಡನ್ನ ಬಿಟ್ಟು ಹೋದೆ ಅಂತ ಅನ್ನಬಾರದು."

ದಾರಿ ತೋರಿಸಿದವಳು ಶಿವಗಂಗಾ. "ಆ ಬೊಂಬಿ ಈ ವಾರ ದೇವದುರ್ಗದಾಗ ಅದಂತ. ಜಾಲಹಳ್ಳಿಗೆ ಅದ ದಾರಿ. ಅವ್ವನ ಹೊಟ್ಟ್ಯಾಗ ಏನದ ಅಂತ ಅದಕ್ಕ ಕೇಳೂಣ. ಅದು ಹೇಳಿದ ಮ್ಯಾಲ ಮುಂದಿನ ಮಾತು."

ಎಲ್ಲರೂ ಜೀಪು ಹತ್ತಿದೆವು. ಶಹಜಾದಿ ಬೇಗಂ ಅವರೂ ಬಂದರು, ಸಾಕ್ಷಿಗೆ ಎಂದರು. ಸಿರವಾರ ದಾಟಿ ದೇವದುರ್ಗ ಮುಟ್ಟುವವರೆಗೂ ಗಂಡ ಒಂದು ತುದಿ, ಹೆಂಡತಿ ಒಂದು ತುದಿ. ನಡುವೆ ಗಂಟು.

ದೇವದುರ್ಗದ ಕಚೇರಿಯಲ್ಲೂ ಅದೇ ಗದ್ದಲ, ಅದೇ ಪಾಳಿ. ನಾಹಿದ್ ನಮ್ಮನ್ನು ಕಂಡು ಎದ್ದು ಬಂದಳು. ಮಲ್ಲೇಶ ಮೊದಲು ಮಾವನನ್ನು ಮುಂದೆ ದೂಡಿದ.

"ನನ್ನ ಹೆಂಡತಿ ಮನೆಗೆ ಬರಲಿ," ಎಂದ ಹಂಪಣ್ಣ, ಕಲಿತ ಧ್ವನಿಯಲ್ಲಿ.

ದೀಪ ಹಸಿರಾಯಿತು. "ನೀವು ಸಂತೋಷವಾಗಿದ್ದೀರಿ."

"ನೋಡ್ರೀ!" ಎಂದು ಮಲ್ಲೇಶ ಕಚೇರಿಗೆಲ್ಲ ಸಾರಿದ. "ನಮ್ಮಕ್ಕ ಮನಿ ಬಿಟ್ಟು ಹೊಂಟಾಳ, ಇವ ಸಂತೋಷದಾಗ ಇದ್ದಾನ!"

ಆಮೇಲೆ ಅಕ್ಕನ ರಟ್ಟೆ ಹಿಡಿದು ತಂದು ಬೊಂಬೆಯ ಎದುರು ನಿಲ್ಲಿಸಿ, ಮಾತಾಡು ಎಂದು ಕೈಸನ್ನೆ ಮಾಡಿದ. ಮಹಾಂತಮ್ಮ ಕೈಮುಗಿದಳು. ಮುಖದಲ್ಲಿ ನಗು ತಂದುಕೊಂಡು, ಗಟ್ಟಿಯಾಗಿ, ನಾಲ್ಕು ಜನ ಮೆಚ್ಚುವಂತೆ ಹೇಳಿದಳು:

"ನಾ ಆರಾಮ ಇದ್ದೀನಿ ತಾಯೀ. ನನಗೇನೂ ಆಗಿಲ್ಲ. ತವರಿಗೆ ಹೊಂಟೀನಿ, ಅಷ್ಟ."

ದೀಪ ಹಳದಿಯಾಯಿತು.

"ನೀವು ಭಯದಲ್ಲಿದ್ದೀರಿ. ಪ್ರಮಾಣ, ನೂರಕ್ಕೆ ತೊಂಬತ್ತನಾಲ್ಕು. ನೀವು ಇಲ್ಲಿ ಸುರಕ್ಷಿತವಾಗಿದ್ದೀರಿ."

ಭಯ! ಮಾರಿಗೂ ಅಂಜದ, ಪೊಲೀಸನಿಗೂ ಅಂಜದ ಮಹಾಂತಮ್ಮ! ಮಲ್ಲೇಶ ಹಂಪಣ್ಣನ ಅಂಗಿ ಹಿಡಿದ. "ಏನು ಮಾಡಿ ಅಂಜಿಸಿದಿ ಮಾವ?" ಗುರುಶಾಂತಮ್ಮ ಎಂಬ ಮೇಡಂ ಒಳಗಿನಿಂದ ವಹಿ ಹಿಡಿದು ಬಂದರು. ಹೆಣ್ಣುಮಗಳು ಅಂಜಿದ್ದರೆ ಯಾರಿಗೆ ಅಂಜಿದಳೆಂದು ಬರೆದುಕೊಳ್ಳಬೇಕಂತೆ. "ಹೇಳಮ್ಮಾ, ಹೆದರಬ್ಯಾಡ, ಯಾರು ಬಡೀತಾರ?" ಎಂದು ಆಕೆಯ ಬೆನ್ನ ಹಿಂದೆ ನಿಂತು ಎರಡು ಸಲ ಕೇಳಿದರು. ಮಹಾಂತಮ್ಮ ಹಳದಿ ದೀಪವನ್ನೇ ನೋಡುತ್ತಿದ್ದಳು.

"ನೋಡ್ರಿ, ಎಷ್ಟು ಅಂಜ್ಯಾಳ! ಬಾಯೇ ಬಿಡವಲ್ಲಳು," ಎಂದರು ಮೇಡಂ, ಪೆನ್ನಿನ ಮುಚ್ಚಳ ತೆಗೆಯುತ್ತ.

ನಾನು ಹಿಂದೆ ನಿಂತಿದ್ದೆ. ನನಗೆ ಓದು ಕಡಿಮೆ, ನೆನಪು ಇದೆ. ಈ ಗಂಡಹೆಂಡಿರ ಮದುವೆಯಲ್ಲಿ ನಾನಿದ್ದೆ. ಹೊಸ್ತಿಲ ಮೇಲೆ ಮದುಮಗ ಹೆಂಡತಿಯ ಹೆಸರು ಹೇಳಬೇಕಲ್ಲ, ಹಂಪಣ್ಣ ಹೇಳಿದ್ದು ಯಾರಿಗೂ ಕೇಳಿಸಿರಲಿಲ್ಲ. "ಗಂಡಸಾಗಿ ಧ್ವನಿ ಇಲ್ಲೇನೋ ನಿನಗ?" ಎಂದು ಮುದುಕಿಯರು ಮೂರು ಸಲ ಹೇಳಿಸಿದ್ದರು. ಹಾಗಾದರೆ ಈ ಧ್ವನಿ ಬಂದದ್ದು ಯಾವಾಗ? ಮಿಲ್ಲಿನಿಂದ ಬಂತು ಎಂದು ನಾವೆಲ್ಲ ತಿಳಿದಿದ್ದೆವು. ಆದರೆ ಕಾಟಾ ಇದ್ದದ್ದು ಗೇಟಿನ ಹತ್ತಿರ. ಅಲ್ಲಿ ಗುಬ್ಬಿ ಕೂಗಿದರೂ ಕೇಳುತ್ತಿತ್ತು. ಕಿವಿ ಗಡಚಿಕ್ಕುವ ಹಲ್ಲರಿನ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಇದ್ದವನು ಹಂಪಣ್ಣ ಅಲ್ಲ.

"ಮಹಾಂತಮ್ಮಾ," ಎಂದು ಕರೆದೆ, ನನ್ನ ಎಂದಿನ ಧ್ವನಿಯಲ್ಲಿ. ಆಕೆ ತಿರುಗಲಿಲ್ಲ. ಮತ್ತಷ್ಟು ಗಟ್ಟಿಯಾಗಿ ಕರೆದೆ. ತಿರುಗಲಿಲ್ಲ. ಆಮೇಲೆ ನನ್ನ ಜೀವಮಾನದಲ್ಲೇ ಮೊದಲ ಸಲ ಕೂಗಿದೆ. ಬೊಂಬೆಯ ದೀಪ ಕೆಂಪಾಯಿತು. ಬಸಲಿಂಗ ಎಂಬ ನಾನು ಕೋಪಗೊಂಡಿದ್ದೆ, ಪ್ರಮಾಣ ನೂರಕ್ಕೆ ಎಂಬತ್ತೊಂದು. ಮೊದಲ ಯತ್ನಕ್ಕೆ ಕಡಿಮೆಯೇನಲ್ಲ. ಕಚೇರಿಯ ಅರವತ್ತು ತಲೆಗಳು ನನ್ನ ಕಡೆ ತಿರುಗಿದವು.

ಒಂದು ತಲೆ ತಿರುಗಲಿಲ್ಲ.

ಮೇಡಂ ಪೆನ್ನು ಕೆಳಗಿಟ್ಟರು. ಮಲ್ಲೇಶನ ಕೈ ಅಂಗಿಯಿಂದ ತಾನೇ ಸಡಿಲಿತು. ಹಂಪಣ್ಣ ಹೆಂಡತಿಯ ಬೆನ್ನನ್ನು ನೋಡುತ್ತ ನಿಂತಿದ್ದ, ಎಂದೂ ಕಾಣದ ಊರನ್ನು ನೋಡುವವನಂತೆ.

"ನೀ ಕರಿ," ಎಂದೆ. "ಮೊದಲಿನಂಗ."

ಅವನು ಬೊಂಬೆಯ ಕಡೆ ಒಮ್ಮೆ ನೋಡಿದ. ಇಷ್ಟು ದಿನ ಹೊಟ್ಟೆಯೊಳಗೆ ಕಟ್ಟಿಟ್ಟದ್ದೆಲ್ಲ ಒಮ್ಮೆಲೇ ಮೇಲೆ ಬಂತು.

"ಮಾಂತೀ! ಕೇಳಸಂಗಿಲ್ಲಂತ ಯಾಕ ಹೇಳಲಿಲ್ಲ ಬೇ! ನಡಿ ಮನಿಗಿ!"

ಕಿಟಕಿಯ ಗಾಜು ಗುಂಯ್ ಎಂದಿತು. ಮಹಾಂತಮ್ಮ ಗಕ್ಕನೆ ತಿರುಗಿದಳು. ಕೈಯಲ್ಲಿದ್ದ ಗಂಟು ಜಾರಿ ಕೆಳಗೆ ಬಿತ್ತು.

"ಬಂತು," ಎಂದಳು. ಎರಡೂ ಕೈ ಕಿವಿಯ ಮೇಲೆ ಇಟ್ಟುಕೊಂಡಳು. "ಬಂತು ನೋಡ್ರಿ! ಹೋಗಿಲ್ಲ!"

"ಏನು ಹೋಗಿಲ್ಲ?" ಎಂದು ಕೂಗಿದ ಹಂಪಣ್ಣ.

"ಎಲ್ಲಾರ ಧ್ವನಿ ಹೋಗಿ ನಾಕೈದು ವರ್ಷ ಆತ್ರೀ. ಮಗಳದು ಹೋತು, ಬೇಗಂದು ಹೋತು, ಬಸಲಿಂಗಣ್ಣಂದು ಮೊದಲ ಇರಲಿಲ್ಲ. ನಿಮ್ದೊಂದ ಉಳದಿತ್ತು. ಹ್ವಾದ ವಾರ ನಿಮ್ಮ ಬಾಯಿ ಆಡ್ತದ, ಧ್ವನಿ ಇಲ್ಲ. ಅದೂ ಹೋತು, ಪೂರಾ ಕಿವುಡಿ ಆದೆ ಅಂತ ತಿಳದೆ. ಎಲ್ಲಾರಿಗೂ ಗೊತ್ತಾಗೋದ್ರೊಳಗ ತಮ್ಮನ ಮನ್ಯಾಗ ಒಂದು ಮೂಲಿ ಹಿಡೀಬೇಕು ಅಂತ..."

ಆಗ ತಿಳಿಯಿತು ನಮಗೆ, ಓಣಿಯಲ್ಲಿ ಆಕೆ ಬಿಡುವಿಲ್ಲದೆ ಮಾತಾಡುತ್ತಿದ್ದದ್ದು ಯಾಕೆಂದು. ತಾನೇ ಮಾತಾಡುತ್ತಿದ್ದರೆ ಎದುರಿನವರು ಪ್ರಶ್ನೆ ಕೇಳುವುದಿಲ್ಲ. ವರ್ಷ ವರ್ಷಕ್ಕೆ ಆಕೆಗೆ ಒಂದೆಳೆ ಕಡಿಮೆ ಕೇಳಿದಂತೆ ಹಂಪಣ್ಣನ ಧ್ವನಿ ಒಂದೆಳೆ ಏರುತ್ತ ಬಂದಿತ್ತು. ಏರಿಸಿದ್ದು ಅವನಿಗೆ ಗೊತ್ತಿಲ್ಲ, ಏರಿಸಿಕೊಂಡದ್ದು ಆಕೆಗೆ ಗೊತ್ತಿಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಇದ್ದ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಮೂರು ವಾಕ್ಯ ಕೇಳಿ ಆ ಪ್ಲಾಸ್ಟಿಕ್ಕಿನ ಬೊಂಬೆ, ಈಕೆ ಅಂಜಿದ್ದಾಳೆ ಎಂದು ಹೇಳಿತ್ತು. ನನಗೆ ಅದರ ಕಡೆ ನೋಡಲು ಅಂಜಿಕೆಯಾಯಿತು.

ಶಹಜಾದಿ ಬೇಗಂ ಸೆರಗಿನಿಂದ ಕಣ್ಣೊರೆಸಿಕೊಂಡು, "ಎರಡು ವರ್ಷದ ಹಿಂದ ನನ್ನ ಬೆಳ್ಳಿ ಚಮಚ ಕಳದದ ಅಂತ ಹೇಳಿದ್ರ ನಕ್ಕಿದ್ದಳಲ್ಲಾ ಇವಳು! ಅವತ್ತಿಂದ ಇವಳ ಮ್ಯಾಲ ಶಕ್ ಮಾಡಿದ್ದೆ ನಾ!" ಎಂದರು. ಅದೂ ಮಹಾಂತಮ್ಮನಿಗೆ ಕೇಳಿಸಲಿಲ್ಲ. ಒಳ್ಳೆಯದೇ ಆಯಿತು.

ರಾಯಚೂರಿನ ದೊಡ್ಡ ಆಸ್ಪತ್ರೆಯಲ್ಲಿ ಕಿವಿ ತೋರಿಸಿದರೆ ಕಿವಿಗೆ ಇಟ್ಟುಕೊಳ್ಳುವ ಮಿಷನ್ ಕೊಡುತ್ತಾರೆ, ನಾನೇ ಕರಕೊಂಡು ಹೋಗುತ್ತೇನೆ ಎಂದು ನಾಹಿದ್ ಶಿವಗಂಗಾಳಿಗೆ ಹೇಳಿದಳು. ಆಮೇಲೆ ಬೊಂಬೆಯ ಕಡೆ ತಿರುಗಿದಳು. ಹಂಪಣ್ಣ ಕೂಗಿದಾಗಿನಿಂದ ಅದರ ದೀಪ ಕೆಂಪು, ಹಸಿರು, ನೀಲಿ, ಹಳದಿ ಎಂದು ಸುತ್ತುತ್ತಲೇ ಇತ್ತು. ಕೊನೆಗೆ ಬಣ್ಣವಿಲ್ಲದೆ ನಿಂತಿತು. "ಗುರುತಿಸಲಾಗಲಿಲ್ಲ," ಎಂದಿತು, ಮೆಲ್ಲಗೆ.

"ಇದಕ್ಕ ಕಲಿಸಿದ ಧ್ವನಿಗಳೆಲ್ಲಾ ಬ್ಯಾರೆ ಕಡೀವು ತಾತಾ," ಎಂದಳು ಹುಡುಗಿ. "ನಮ್ಮ ರಾಯಚೂರು ಸೀಮಿದು ಹೆಚ್ಚಿಗಿಲ್ಲ. ಅದಕ್ಕ ಅವತ್ತು ತಪ್ಪು ಹೇಳ್ತು. ಕೇಳಿದ ಜನ ಇದು ಇಂಥಾ ಭಾವನೆ ಅಂತ ಹೆಸರು ಹೇಳಬೇಕು, ಆವಾಗ ಕಲೀತದ. ಈಗ ಕೂಗಿದ್ದು ಇದರಾಗ ಅದ. ಹೇಳ್ರಿ, ಏನಂತ ಬರೀಲಿ? ಏಳು ಹೆಸರು ಅವ."

"ಸಿಟ್ಟು ಅಂತ ಬರಿ. ನನ್ನ ಎದಿ ಇನ್ನಾ ಹೊಡಕೊಳ್ಳಾಕತ್ತದ," ಎಂದ ಮಲ್ಲೇಶ.

"ದುಃಖ," ಎಂದಳು ಶಿವಗಂಗಾ.

"ಖುಷಿ, ಖುಷಿ!" ಎಂದರು ಶಹಜಾದಿ ಬೇಗಂ.

ಮೂವರದೂ ಬೇರೆ ಬೇರೆಯಾದರೆ ಲೆಕ್ಕಕ್ಕೆ ಬರುವುದಿಲ್ಲವಂತೆ. ನಾಹಿದ್ ನನ್ನ ಮುಖ ನೋಡಿದಳು. "ಯಾರಿಗೆ ಕೂಗಿದ್ದೋ ಅವರನ್ನ ಕೇಳವ್ವಾ," ಎಂದೆ.

ಹಂಪಣ್ಣ ಹೆಂಡತಿಯ ಕಿವಿಯ ಹತ್ತಿರ ಬಾಗಿ, ದೇವದುರ್ಗದ ಪೇಟೆಗೆಲ್ಲ ಕೇಳುವಂತೆ ಆ ಪ್ರಶ್ನೆ ಮುಟ್ಟಿಸಿದ. ಮಹಾಂತಮ್ಮ ಯೋಚನೆ ಮಾಡಿದಳು. ಬಿದ್ದ ಗಂಟನ್ನು ಎತ್ತಿ ಗಂಡನ ಕೈಗೆ ಕೊಟ್ಟಳು.

"ಕೇಳಿಸಿತು ಅಂತ ಬರಕೊ ಯವ್ವಾ."

"ಅಜ್ಜೀ, ಅದು ಈ ಏಳರಾಗ ಇಲ್ಲ. ಅದು ಭಾವನೆ ಅಲ್ಲ," ಎಂದಳು ನಾಹಿದ್.

ಆಕೆಗೆ ಅದು ಕೇಳಿಸಲಿಲ್ಲ. ಆಗಲೇ ಬಾಗಿಲು ದಾಟಿ, ಜೀಪು ಮಾನ್ವಿಯ ಕಡೆ ತಿರುಗಿಸಲು ತಮ್ಮನಿಗೆ ಕೈಮಾಡುತ್ತಿದ್ದಳು. ಹುಡುಗಿ ಮುಂದಿದ್ದ ಕಂಪ್ಯೂಟರಿನ ಕೀಲಿಗಳ ಮೇಲೆ ಬೆರಳಿಟ್ಟಳು. ಏಳು ಹೆಸರುಗಳ ಕೆಳಗೆ ಒಂದು ಹೊಸ ಸಾಲು ತೆರೆದಳು. ನನಗೆ ಓದು ಅಷ್ಟಕ್ಕಷ್ಟೆ. ಆದರೂ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಅವಳು ಮಹಾಂತಮ್ಮ ಹೇಳಿದ್ದನ್ನೇ ಬರೆದಿದ್ದಳು: ಕೇಳಿಸಿತು.